ಡಿಶ್ ಒಂದು, ಟಿವಿ ಎರಡು, ಮಗ ಮ್ಯೂನಿಕ್‌ನಲ್ಲಿ: ಫ್ರೀ ಡಿಶ್ ವಿಡಿಯೋನ ಮನೆಯೊಳಗೂ ಹೊರಗೂ ಹಂಚೋದು ಹೇಗೆ?

ತಾರಸಿ_ಡಿಶ್
ಮನೆ ತೀರ್ಥಹಳ್ಳಿ ಕಡೆ, ಎರಡು ಅಂತಸ್ತು. ತಾರಸಿ ಮೇಲೆ 65 ಸೆಂ.ಮೀ. ಡಿಶ್, ಒಂದೇ ಔಟ್‌ಪುಟ್ ಇರುವ ಎಲ್‌ಎನ್‌ಬಿ (ಡಿಶ್‌ನ ಮುಂದೆ ಕೂತು ಸಿಗ್ನಲ್ ಹಿಡಿಯುವ ತಲೆ), ಅಲ್ಲಿಂದ 22 ಮೀಟರ್ ಆರ್‌ಜಿ6 ಕೇಬಲ್ ಕೆಳಗಿನ ಹಾಲ್‌ಗೆ. ಹಾಲ್‌ನಲ್ಲಿ ಡಿಡಿ ಫ್ರೀ ಡಿಶ್‌ನ ಎಂಪೆಗ್-2 ಬಾಕ್ಸ್. ಮೇಲ್ಮಹಡಿ ಟಿವಿಯಲ್ಲಿ ಬೇರೆ ಚಾನೆಲ್ ನೋಡುವ ಹಾಗಿರಬೇಕು, ಅಡುಗೆಮನೆ ಟ್ಯಾಬ್‌ನಲ್ಲಿ ಚಂದನ ಬರಬೇಕು, ಮ್ಯೂನಿಕ್‌ನಲ್ಲಿರುವ ಮಗನ ಫೋನ್‌ನಲ್ಲೂ ಆಗಾಗ ಬರಬೇಕು. ಹಾಲ್ ಬಾಕ್ಸ್ ಈಗಿನ ಹಾಗೇ ನಡೀಬೇಕು. ಅಂಗಡಿಯವರು ಎಚ್‌ಡಿಎಂಐ ಎನ್‌ಕೋಡರ್ ಹಾಕಿಸಿ ಅಂತಾರೆ. ಅದು ಸಾಕಾ?

ಬಿಟ್‌ಧಾರೆ
ಸಾಕಾಗಲ್ಲ ಸರ್. ನಿಮಗೆ ಅದು ಬೇಡವೂ ಬೇಡ.

ಎನ್‌ಕೋಡರ್ ಹಿಡಿಯೋದು ಬಾಕ್ಸ್ ಬಿಡಿಸಿ ತೋರಿಸುವ ಚಿತ್ರವನ್ನ. ಹಾಲ್‌ನಲ್ಲಿ ಯಾವ ಚಾನೆಲ್ ಇದೆಯೋ ಮೇಲ್ಮಹಡಿಗೂ ಅದೇ, ಮ್ಯೂನಿಕ್‌ಗೂ ಅದೇ. ಹಾಲ್‌ನಲ್ಲಿ ರಿಮೋಟ್ ಒತ್ತಿದರೆ ಎಲ್ಲ ಕಡೆ ಬದಲಾಗುತ್ತೆ. ಜತೆಗೆ ಒಮ್ಮೆ ಎಂಪೆಗ್-2 ಬಿಚ್ಚಿ, ಮತ್ತೆ ಎಚ್.264 ಕಟ್ಟೋದರಲ್ಲಿ (ಎರಡೂ ವಿಡಿಯೋ ಕುಗ್ಗಿಸುವ ವಿಧಾನಗಳು) ಚಿತ್ರ ಮಸುಕಾಗೋದು ಬೇರೆ.

ಫ್ರೀ ಡಿಶ್‌ನ ಎಂಪೆಗ್-2 ಚಾನೆಲ್‌ಗಳಿಗೆ ಬೀಗ ಇಲ್ಲ. ಹಾಗಾಗಿ ಬಾಕ್ಸಿನ ಹಿಂದೆ ನಿಂತು ಚಿತ್ರ ಕದಿಯುವ ಬದಲು, ಡಿಶ್‌ನಿಂದ ಬರುವ ಟ್ರಾನ್ಸ್‌ಪೋರ್ಟ್ ಸ್ಟ್ರೀಮನ್ನೇ (ಹಲವು ಚಾನೆಲ್ ಸೇರಿದ ಡೇಟಾ ಹರಿವು) ಕಂಪ್ಯೂಟರ್‌ಗೆ ಹಾಕುವ ಟ್ಯೂನರ್‌ನಲ್ಲಿ ಎತ್ತಿ ಹಾಗೇ ನೆಟ್‌ವರ್ಕ್‌ಗೆ ಬಿಡಬಹುದು. ಬಿಚ್ಚೋದಿಲ್ಲ, ಕಟ್ಟೋದಿಲ್ಲ, ಆಕಾಶದಿಂದ ಬಂದ ಬಿಟ್ ಬಂದ ಹಾಗೇ ಹೋಗುತ್ತೆ.

ಲೆಕ್ಕ ನೋಡಿ. 11090 ಮೆಗಾಹರ್ಟ್ಸ್‌ನ ವರ್ಟಿಕಲ್ (ಲಂಬ ಅಲೆಯ) ಟ್ರಾನ್ಸ್‌ಪಾಂಡರ್, ಅಂದರೆ ಉಪಗ್ರಹ ಹಲವು ಚಾನೆಲ್ ಒಟ್ಟಿಗೆ ಕಳಿಸುವ ಒಂದು ಆವರ್ತನ; ಸಿಂಬಲ್ ರೇಟ್ 29500, ಎಫ್‌ಇಸಿ 3/4 (ನಾಲ್ಕರಲ್ಲಿ ಮೂರು ಬಿಟ್ ಉಪಯೋಗಕ್ಕೆ, ಒಂದು ದೋಷ ತಿದ್ದೋಕೆ). ಕ್ಯೂಪಿಎಸ್‌ಕೆಯಲ್ಲಿ ಸಿಂಬಲ್‌ಗೆ ಎರಡು ಬಿಟ್, ಅದರಲ್ಲಿ ಮುಕ್ಕಾಲು, ಮೇಲೆ ರೀಡ್-ಸಾಲಮನ್ ದೋಷ ತಿದ್ದುಪಡಿಗಾಗಿ 188/204. ಕೊನೆಗೆ ಕೈಗೆ ಬರೋದು ಸುಮಾರು 40.8 ಎಂಬಿಪಿಎಸ್. ಅದನ್ನೇ ಹದಿನೈದಿಪ್ಪತ್ತು ಚಾನೆಲ್‌ಗಳು ಹಂಚಿಕೊಳ್ಳುತ್ತವೆ, ಅಂದರೆ ಒಂದಕ್ಕೆ 2ರಿಂದ 3. ನಿಮ್ಮ ಮನೆಯ ಹಳೇ 100 ಎಂಬಿಪಿಎಸ್ ಸ್ವಿಚ್‌ಗೂ ಇದು ಲೆಕ್ಕಕ್ಕಿಲ್ಲ.

ಇನ್ನೊಂದು ಲಾಭ: ಒಂದು ಟ್ಯೂನರ್ ಒಂದು ಟ್ರಾನ್ಸ್‌ಪಾಂಡರ್ ಹಿಡಿದು ಕೂತರೆ ಅದರಲ್ಲಿರುವ ಎಲ್ಲ ಚಾನೆಲ್‌ಗಳೂ ಏಕಕಾಲಕ್ಕೆ ಬೇರೆ ಬೇರೆ ರೂಮಿಗೆ ಹೋಗಬಹುದು. ಎರಡನೇ ಟ್ಯೂನರ್ ಬೇಕಾಗೋದು ಅಡುಗೆಮನೆಯವರು ಕೇಳಿದ ಚಾನೆಲ್ ಬೇರೆ ಟ್ರಾನ್ಸ್‌ಪಾಂಡರ್‌ನಲ್ಲಿ ಇದ್ದಾಗ ಮಾತ್ರ.

ಘಟ್ಟದಕೆಳಗೆ
ಮಾರಾಯ್ರೆ, ಕೇಬಲ್ ಒಂದೇ ಉಂಟಲ್ಲ? ಬಾಕ್ಸಿಗೂ ಟ್ಯೂನರಿಗೂ ಹಂಚುವುದು ಹೇಗೆ ಅಂತ ಮೊದಲು ಹೇಳಿ. ಹೆಚ್ಚಿನವರು ಎಡವುವುದು ಅಲ್ಲೇ. ಕೇಬಲ್ ಟಿವಿಯ ಸ್ಪ್ಲಿಟರ್ ತಂದು ಹಾಕುತ್ತಾರೆ, ಅದು ಸಾಮಾನ್ಯವಾಗಿ 5ರಿಂದ 1000 ಮೆಗಾಹರ್ಟ್ಸ್‌ನದ್ದು. ಎಲ್‌ಎನ್‌ಬಿಯಿಂದ ಕೆಳಗೆ ಬರುವುದು 950ರಿಂದ 2150. 11090ರಲ್ಲಿ ಲೋಕಲ್ ಆಸಿಲೇಟರ್‌ನ 9750 ಕಳೆದರೆ 1340. ಆ ಸ್ಪ್ಲಿಟರಿನಲ್ಲಿ ಇದು ದಾಟುವುದಿಲ್ಲ. ಮೇಲೆ 5–2400 ಅಂತ ಬರೆದದ್ದನ್ನೇ ತಗೊಳ್ಳಿ.

ಬಿಟ್‌ಧಾರೆ
ಸರಿಯಾಗಿ ಹೇಳಿದ್ರಿ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಫ್ರೀ ಡಿಶ್‌ಗೆ ಮಾತ್ರ ಸಿಗುವ ಒಂದು ಅನುಕೂಲ ಇಲ್ಲಿದೆ.

ಎಲ್‌ಎನ್‌ಬಿಗೆ ಕರೆಂಟ್ ಹೋಗೋದು ಅದೇ ಕೇಬಲ್‌ನಲ್ಲಿ. 13 ವೋಲ್ಟ್ ಕೊಟ್ಟರೆ ವರ್ಟಿಕಲ್, 18 ಕೊಟ್ಟರೆ ಹಾರಿಜಾಂಟಲ್. 22 ಕಿಲೋಹರ್ಟ್ಸ್ ಟೋನ್ ಸೇರಿಸಿದರೆ ಮೇಲಿನ ಬ್ಯಾಂಡ್. ಅದಕ್ಕೇ ಸಾಮಾನ್ಯವಾಗಿ ಎರಡು ರಿಸೀವರ್‌ಗಳನ್ನ ಒಂದು ಕೇಬಲ್‌ಗೆ ಕಟ್ಟಬಾರದು ಅನ್ನೋದು: ಒಬ್ಬ ವರ್ಟಿಕಲ್ ಕೇಳಿದಾಗ ಇನ್ನೊಬ್ಬ ಹಾರಿಜಾಂಟಲ್ ಕೇಳಿದರೆ 18 ಗೆಲ್ಲುತ್ತೆ, ಮೊದಲಿನವನ ಚಿತ್ರ ಹೋಗುತ್ತೆ. ಆದರೆ 93.5 ಡಿಗ್ರಿ ಪೂರ್ವದ ಜಿಸ್ಯಾಟ್-15 ಉಪಗ್ರಹದಲ್ಲಿ ಫ್ರೀ ಡಿಶ್ ಬಳಸುವ 11090, 11470, 11550ರಂಥವು ವರ್ಟಿಕಲ್, 11700ಕ್ಕಿಂತ ಕೆಳಗೆ. ಇಬ್ಬರೂ ಕೇಳೋದು 13 ವೋಲ್ಟೇ, ಟೋನ್ ಇಬ್ಬರಿಗೂ ಬೇಡ. ಜಗಳವೇ ಇಲ್ಲ.

ಸ್ಪ್ಲಿಟರ್‌ನಲ್ಲಿ ಎರಡು ಬಗೆ ಸಿಗುತ್ತೆ. ಒಂದರಲ್ಲಿ ಎಲ್ಲ ಪೋರ್ಟ್‌ಗಳಲ್ಲೂ ಡಯೋಡ್ ಹಾಕಿ ಕರೆಂಟ್ ಬಿಟ್ಟಿರ್ತಾರೆ, ಇನ್ನೊಂದರಲ್ಲಿ ಒಂದೇ ಪೋರ್ಟ್‌ಗೆ, ಅದರ ಪಕ್ಕ ಕೆಂಪು ಗುರುತು ಅಥವಾ ಪವರ್ ಪಾಸ್ ಅಂತ ಇರುತ್ತೆ. ಎರಡನೇ ಬಗೆ ತಂದರೆ ಆ ಪೋರ್ಟ್‌ಗೆ ಟ್ಯೂನರ್ ಹಾಕಿ, ಬಾಕ್ಸ್ ಅಲ್ಲ. ರಾತ್ರಿ ಹಾಲ್‌ನಲ್ಲಿ ಸ್ವಿಚ್ ಆರಿಸಿ ಮಲಗ್ತಾರೆ, ಎಲ್‌ಎನ್‌ಬಿಗೆ ಕರೆಂಟ್ ನಿಂತುಹೋಗುತ್ತೆ, ಮ್ಯೂನಿಕ್‌ನಲ್ಲಿ ಆಗಿನ್ನೂ ಸಂಜೆ.

ಮೊದಲನೇ ಬಗೆಯಲ್ಲಿ ಒಂದೇ ಎಚ್ಚರ: ಹಾಲ್ ಬಾಕ್ಸ್‌ನಲ್ಲಿ ಯಾರಾದರೂ ಬ್ಲೈಂಡ್ ಸ್ಕ್ಯಾನ್ (ಎಲ್ಲ ಆವರ್ತನ ತಡಕುವ ಹುಡುಕಾಟ) ಹಾಕಿದರೆ ಅದು 18 ವೋಲ್ಟ್, 22 ಕಿಲೋಹರ್ಟ್ಸ್ ಎಲ್ಲ ತಿರುಗಿಸುತ್ತೆ. ಆ ಎರಡು ಮೂರು ನಿಮಿಷ ಉಳಿದ ರೂಮುಗಳಲ್ಲಿ ಚಿತ್ರ ನಿಲ್ಲುತ್ತೆ. ಟ್ಯೂನರ್ ಕೆಟ್ಟಿತು ಅಂತ ಬಿಚ್ಚೋಕೆ ಹೋಗಬೇಡಿ.

ಹುಬ್ಬಳ್ಳಿ_ಕೋಆಕ್ಸ್
ಸ್ಪ್ಲಿಟರ್ ಯಾಕ್ರೀ, ಎರಡು ಔಟ್‌ಪುಟ್ ಇರೋ ಟ್ವಿನ್ ಎಲ್‌ಎನ್‌ಬಿ ಹಾಕಿ ಇನ್ನೊಂದು ಕೇಬಲ್ ಎಳದ್ರ ಮುಗೀತು. ಸ್ಪ್ಲಿಟರ್ 4ರಿಂದ 6 ಡಿಬಿ ಸಿಗ್ನಲ್ ತಿಂತೈತಿ. ಕೇಬಲ್ಲೇ 22 ಮೀಟರ್‌ಗೆ ಐದಾರು ಡಿಬಿ ನುಂಗಿರ್ತದ.

ಬಿಟ್‌ಧಾರೆ
ಕೇಬಲ್ ಎಳೆಯೋ ದಾರಿ ಇದ್ದರೆ ಟ್ವಿನ್ನೇ ಉತ್ತಮ, ಒಪ್ಪಿದೆ. ಆದರೆ ಡಿಬಿ ವಿಷಯಕ್ಕೆ ಹೆದರಬೇಕಿಲ್ಲ. ಎಲ್‌ಎನ್‌ಬಿ 50–60 ಡಿಬಿ ವರ್ಧನೆ ಕೊಟ್ಟೇ ಕೆಳಗೆ ಬಿಡುತ್ತೆ. ಅಷ್ಟಾದ ಮೇಲೆ ಹತ್ತು ಹನ್ನೆರಡು ಡಿಬಿ ಹೋದರೆ ಸಿಗ್ನಲ್ ಶೇಕಡಾ ಇಳಿಯುತ್ತೆ, ಗುಣಮಟ್ಟ ಹೆಚ್ಚುಕಡಿಮೆ ಹಾಗೇ ಇರುತ್ತೆ. ಗುಣಮಟ್ಟ ತೀರ್ಮಾನ ಆಗೋದು ಡಿಶ್‌ನ ಬಾಯಲ್ಲಿ. ಟ್ಯೂನರ್‌ನಲ್ಲಿ ಎಸ್‌ಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಅನ್ನೋದು) ನೋಡಿ: ಬಿಸಿಲಲ್ಲಿ 11–12 ಡಿಬಿ ಇದ್ದರೆ ನಿಶ್ಚಿಂತೆ, 8ಕ್ಕಿಂತ ಕೆಳಗಿದ್ದರೆ ಆಷಾಢದ ಮಳೆಗೆ ನಿಲ್ಲಲ್ಲ.

ಘಟ್ಟದಕೆಳಗೆ
ಮಳೆಯ ಮಾತು ಬಂತಲ್ಲ. ತೀರ್ಥಹಳ್ಳಿಯಿಂದ 93.5 ಡಿಗ್ರಿಯ ಉಪಗ್ರಹ ಸುಮಾರು 63 ಡಿಗ್ರಿ ಎತ್ತರದಲ್ಲಿ, ಆಗ್ನೇಯ ದಿಕ್ಕಿನಲ್ಲಿ ಕಾಣುತ್ತದೆ, ಉತ್ತರದಿಂದ ಅಳೆದರೆ 126ರ ಆಸುಪಾಸು. ಡಿಶ್‌ಗಿಂತ 10 ಮೀಟರ್ ಎತ್ತರ ಹೋದ ಅಡಿಕೆ ಮರ ಆ ದಿಕ್ಕಿನಲ್ಲಿ 5 ಮೀಟರ್ ಒಳಗೆ ಉಂಟಾ ನೋಡಿ. ಬೇಸಿಗೆಯಲ್ಲಿ ಸರಿ ಇದ್ದು, ಸೋಗೆ ನೆನೆದ ಕೂಡಲೇ ಹೋಗುವ ಸಿಗ್ನಲ್‌ಗೆ ಮೋಡ ಕಾರಣ ಅಲ್ಲ.

90 ಸೆಂ.ಮೀ. ಡಿಶ್‌ಗೆ ಹೋದರೆ 65ಕ್ಕಿಂತ ಸುಮಾರು 2.8 ಡಿಬಿ ಹೆಚ್ಚು ಸಿಗುತ್ತದೆ. ಜಡಿಮಳೆಗೆ ಅಷ್ಟು ದೊಡ್ಡದೇ. ಮತ್ತೆ ಎಫ್ ಕನೆಕ್ಟರ್: ತಿರುಚಿ ಹಾಕುವುದು ಬೇಡ, ಒತ್ತಿ ಕೂರಿಸುವ ಕಂಪ್ರೆಷನ್ ಬಗೆಯದ್ದು ಹಾಕಿ, ಮೇಲೆ ಸ್ವಯಂ ಅಂಟುವ ರಬ್ಬರ್ ಟೇಪ್ ಸುತ್ತಿ. ಎಲ್‌ಎನ್‌ಬಿ ಹತ್ತಿರ ಕೇಬಲ್ ಕೆಳಗೆ ಬಳುಕಿಸಿ ಮತ್ತೆ ಮೇಲೇರಿಸಿ, ನೀರು ಅಲ್ಲೇ ತೊಟ್ಟಿಕ್ಕಲಿ. ಬಿಚ್ಚಿದಾಗ ಒಳಗಿನ ಹೆಣಿಗೆ ಹಸಿರು ತಿರುಗಿದ್ದರೆ ಅಷ್ಟುದ್ದ ಕತ್ತರಿಸಿ ಎಸೆಯಿರಿ.

ತಾರಸಿ_ಡಿಶ್
ಟ್ವಿನ್ ಹಾಕಬಹುದು, ಕಾಂಡ್ಯೂಟ್‌ನಲ್ಲಿ ಜಾಗ ಇದೆ. ಟ್ಯೂನರ್, ಸರ್ವರ್ ಯಾವುದು?

ಬಿಟ್‌ಧಾರೆ
ಮೂರು ದಾರಿ.

ಹೊಸದಾಗಿ ಕೊಳ್ಳೋದಾದರೆ ನನ್ನ ಮತ ಯುಎಸ್‌ಬಿ ಟ್ಯೂನರ್ ಮತ್ತು ಸರ್ವರ್ ಆಗಿ ಒಂದು ಪುಟ್ಟ ಇಂಟೆಲ್ ಕಂಪ್ಯೂಟರ್‌ಗೆ. ಎನ್100 ಪ್ರೊಸೆಸರ್ ಧಾರಾಳ. ಟಿಬಿಎಸ್ 5927ರಂಥ ಟ್ಯೂನರ್‌ಗೆ ಪ್ರತ್ಯೇಕ 12 ವೋಲ್ಟ್ ಅಡಾಪ್ಟರ್ ಬರುತ್ತೆ, ಅದನ್ನ ಹಾಕದೆ ಯುಎಸ್‌ಬಿ ಕರೆಂಟ್ ನಂಬಿದರೆ ಎಲ್‌ಎನ್‌ಬಿ ಎಚ್ಚರ ಆಗಲ್ಲ. ಡ್ರೈವರ್ ಲಿನಕ್ಸ್ ಕರ್ನೆಲ್‌ನ ಹೊರಗಿನದಾದರೆ ಕರ್ನೆಲ್ ಅಪ್‌ಡೇಟ್ ಆದಾಗಲೆಲ್ಲ ಮತ್ತೆ ಕಂಪೈಲ್ ಮಾಡಬೇಕು. ಹಾಗಾಗಿ ತಾನಾಗಿ ಆಗುವ ಅಪ್‌ಡೇಟ್‌ಗಳಲ್ಲಿ ಕರ್ನೆಲ್ಲನ್ನ ತಡೆದಿಡಿ. ಟ್ಯೂನರ್ ಪಟ್ಟಿಯಲ್ಲಿ ಕಂಡರೂ ಲಾಕ್ ಆಗದಿದ್ದರೆ ಬೂಟ್ ಲಾಗ್‌ನಲ್ಲಿ ಫರ್ಮ್‌ವೇರ್ ಕಡತ ಸಿಗಲಿಲ್ಲ ಅನ್ನೋ ಸಾಲು ಇದೆಯಾ ಹುಡುಕಿ.

ರಾಸ್ಪ್‌ಬೆರಿ ಪೈ ಕೂಡ ಆಗುತ್ತೆ, ಸ್ಟ್ರೀಮನ್ನ ಹಾಗೇ ದಾಟಿಸೋದಷ್ಟೇ ಆದರೆ. ಮ್ಯೂನಿಕ್‌ಗೆ ಕುಗ್ಗಿಸಿ ಕಳಿಸಬೇಕು ಅಂದ್ರೆ ನೆನಪಿಡಿ: ಪೈ 4ರಲ್ಲಿ ಎಚ್.264 ಎನ್‌ಕೋಡರ್ ಇದೆ, ಪೈ 5ರಲ್ಲಿ ತೆಗೆದುಬಿಟ್ಟಿದ್ದಾರೆ.

ಮೂರನೆಯದು ಸ್ಯಾಟ್-ಐಪಿ ಪೆಟ್ಟಿಗೆ. ಒಂದು ಕಡೆ ಡಿಶ್ ಕೇಬಲ್, ಇನ್ನೊಂದು ಕಡೆ ನೆಟ್‌ವರ್ಕ್ ಕೇಬಲ್. ಯುರೋಪಿನ ಮನೆಗಳಿಗೆ ಅಂತ ಹುಟ್ಟಿದ್ದು, ಮಾನದಂಡದ ಸಂಖ್ಯೆ ಇಎನ್ 50585. ನಮ್ಮ ಅಂಗಡಿಗಳಲ್ಲಿ ಹುಡುಕಿ ಸುಸ್ತಾಗೋದಕ್ಕಿಂತ ಯುಎಸ್‌ಬಿ ಟ್ಯೂನರ್ ಮೇಲೆ ಮಿನಿಸ್ಯಾಟ್‌ಐಪಿ ತಂತ್ರಾಂಶ ಹಾಕಿದರೆ ಅದೇ ಕೆಲಸ. ನಿಮಗೆ ಅದೂ ಬೇಡ, ಟ್ಯೂನರ್‌ನ ಚಾನೆಲ್‌ಗಳನ್ನ ಮನೆಯ ನೆಟ್‌ವರ್ಕ್‌ಗೆ ಹಂಚುವ ಟಿವಿಹೆಡೆಂಡ್ ತಂತ್ರಾಂಶ ಒಂದೇ ಸಾಕು.

ಮೈಸೂರು_ಮಕ್ಸ್
ಟಿವಿಹೆಡೆಂಡ್ ಹಾಕುವ ಕ್ರಮ ಬರೀತೀನಿ. ಬ್ರೌಸರ್‌ನಲ್ಲಿ ಸರ್ವರ್ ವಿಳಾಸ, ಪೋರ್ಟ್ 9981.

ಮೊದಲು ನೆಟ್‌ವರ್ಕ್ಸ್ ಹಾಳೆಯಲ್ಲಿ ಡಿವಿಬಿ-ಎಸ್ ನೆಟ್‌ವರ್ಕ್ ಒಂದನ್ನ ಸೇರಿಸಿ. ಸಿದ್ಧ ಮಕ್ಸ್ (ಟ್ರಾನ್ಸ್‌ಪಾಂಡರ್‌ಗಳ) ಪಟ್ಟಿ ಆಯ್ಕೆ ಮಾಡಬೇಡಿ, ಹಳತಾಗಿರುತ್ತೆ. ಆಮೇಲೆ ಟಿವಿ ಅಡಾಪ್ಟರ್ಸ್‌ಗೆ ಹೋಗಿ ಟ್ಯೂನರ್ ಚಾಲೂ ಮಾಡಿ, ಸ್ಯಾಟಲೈಟ್ ಸೆಟ್ಟಿಂಗ್‌ನಲ್ಲಿ ಯೂನಿವರ್ಸಲ್ ಎಲ್‌ಎನ್‌ಬಿ ಅಂತ ಕೊಟ್ಟು ಆ ನೆಟ್‌ವರ್ಕ್‌ಗೆ ಜೋಡಿಸಿ. ಬಳಿಕ ಮಕ್ಸಸ್‌ನಲ್ಲಿ ಒಂದೊಂದಾಗಿ ಸೇರಿಸಿ. ಹತ್ತರಲ್ಲಿ ಎಂಟು ಜನ ಸಿಕ್ಕಿಹಾಕಿಕೊಳ್ಳೋದು ಈ ಜಾಗದಲ್ಲಿ. ಆವರ್ತನದ ಖಾನೆಗೆ 11090 ಅಲ್ಲ, ಕಿಲೋಹರ್ಟ್ಸ್‌ನಲ್ಲಿ 11090000. ಸಿಂಬಲ್ ರೇಟ್ 29500 ಅಲ್ಲ, 29500000. ಸೊನ್ನೆ ಬಿಟ್ಟರೆ ತಪ್ಪು ಅಂತ ಹೇಳಲ್ಲ, ಸ್ಕ್ಯಾನ್ ಫೇಲ್ ಅಂತಷ್ಟೇ ತೋರಿಸುತ್ತೆ, ನೀವು ತಾರಸಿ ಹತ್ತಿ ಡಿಶ್ ತಿರುಗಿಸ್ತಾ ಇರ್ತೀರಿ.

ಸ್ಕ್ಯಾನ್ ಮುಗಿದ ಮೇಲೆ ಸರ್ವಿಸಸ್ ಹಾಳೆಯಲ್ಲಿ ಬೇಕಾದವನ್ನ ಆರಿಸಿ ಚಾನೆಲ್‌ಗಳಿಗೆ ಮ್ಯಾಪ್ ಮಾಡಿ. ಎಲ್ಲವನ್ನೂ ಮ್ಯಾಪ್ ಮಾಡಬೇಡಿ. ಫ್ರೀ ಡಿಶ್‌ನ ಎಂಪೆಗ್-4 ಭಾಗದಲ್ಲಿ ಐಕ್ಯಾಸ್ ಬೀಗ ಇರುವ ಚಾನೆಲ್‌ಗಳಿವೆ, ಅವು ಪಟ್ಟಿಗೆ ಬರುತ್ತವೆ, ಒತ್ತಿದರೆ ಸ್ಕ್ರ್ಯಾಂಬಲ್ಡ್ ಅನ್ನುತ್ತೆ. ಅವಕ್ಕೆ ಅಧಿಕೃತ ಬಾಕ್ಸೇ ಬೇಕು.

ಸ್ಟ್ರೀಮ್ ಪ್ರೊಫೈಲ್ ‘ಪಾಸ್’ ಇರಲಿ, ಅಂದರೆ ಬದಲಿಸದೆ ಹಾಗೇ ದಾಟಿಸೋದು. ಮೇಲ್ಮಹಡಿ ಟಿವಿಗೆ ಆಂಡ್ರಾಯ್ಡ್ ಸ್ಟಿಕ್ ಹಾಕಿ ಕೋಡಿ ಆ್ಯಪ್‌ನಲ್ಲಿ ಟಿವಿಹೆಡೆಂಡ್ ಕ್ಲೈಂಟ್ ಸೇರಿಸಿ, ಅದರ ಪೋರ್ಟ್ 9982. ಟ್ಯಾಬ್‌ಗೆ ವಿಎಲ್‌ಸಿ, ಪ್ಲೇಲಿಸ್ಟ್ ಕೊಂಡಿ ಕೊಟ್ಟರೆ ಆಯ್ತು, ನೆಟ್‌ವರ್ಕ್ ಕ್ಯಾಶಿಂಗ್ 1000 ಮಿಲಿಸೆಕೆಂಡ್. ಬ್ರೌಸರ್‌ನಲ್ಲೇ ನೋಡ್ತೀನಿ, ಕ್ರೋಮ್‌ಕಾಸ್ಟ್‌ಗೆ ಎಸೀತೀನಿ ಅಂದ್ರೆ ಆಗಲ್ಲ. ಅವಕ್ಕೆ ಎಂಪೆಗ್-2 ಚಿತ್ರವೂ ಗೊತ್ತಿಲ್ಲ, ಎಂಪಿ2 ಧ್ವನಿಯೂ ಗೊತ್ತಿಲ್ಲ.

ಅಂಗಳದಾಚೆ
ಅಡುಗೆಮನೆ ಟ್ಯಾಬ್ ವೈಫೈನಲ್ಲಿ ಇರುತ್ತಲ್ಲ, ಚಿತ್ರ ಚೌಕ ಚೌಕ ಆಗಲ್ವಾ? ಮಲ್ಟಿಕಾಸ್ಟ್ ಮಾಡಿದರೆ ಒಂದೇ ಸ್ಟ್ರೀಮ್ ಎಲ್ಲರಿಗೂ ಹೋಗುತ್ತೆ, ಹೊರೆ ಕಡಿಮೆ ಅಂತ ಓದಿದ್ದೆ.

ಮೈಸೂರು_ಮಕ್ಸ್
ತಂತಿ ಮೇಲೆ ಅದು ನಿಜ ಮೇಡಂ. ವೈಫೈನಲ್ಲಿ ತಿರುಗುಮುರುಗು. ರೂಟರ್ ಮಲ್ಟಿಕಾಸ್ಟ್ ಪ್ಯಾಕೆಟ್‌ಗಳನ್ನ ಎಲ್ಲರಿಗೂ ಕೇಳಿಸಲಿ ಅಂತ ಅತಿ ನಿಧಾನದ ಮೂಲ ವೇಗದಲ್ಲಿ ಕೂಗುತ್ತೆ, ತಲುಪಿತಾ ಅಂತ ಕೇಳೋದೂ ಇಲ್ಲ. 3 ಎಂಬಿಪಿಎಸ್ ಚಾನೆಲ್ಲೇ ಗಾಳಿಯನ್ನೆಲ್ಲ ತುಂಬಿ, ಬಿದ್ದ ಪ್ಯಾಕೆಟ್ ಬಿದ್ದೇ ಹೋಗುತ್ತೆ. ಟಿವಿಹೆಡೆಂಡ್ ಎಚ್‌ಟಿಟಿಪಿಯಲ್ಲಿ ಒಬ್ಬೊಬ್ಬರಿಗೇ ಕಳಿಸುತ್ತೆ, ಬಿದ್ದಿದ್ದನ್ನ ಮತ್ತೆ ಕೊಡುತ್ತೆ. ನಾಲ್ಕು ಜನ ನೋಡಿದರೂ 12 ಎಂಬಿಪಿಎಸ್, ಅಷ್ಟಕ್ಕೆ ಮಲ್ಟಿಕಾಸ್ಟ್ ಯಾಕೆ?

ತಪ್ಪು ಎಲ್ಲಿದೆ ಅಂತ ತಿಳಿಯೋಕೆ ಟಿವಿಹೆಡೆಂಡ್‌ನ ಸ್ಟೇಟಸ್ ಹಾಳೆಯಲ್ಲಿ ಕಂಟಿನ್ಯುಟಿ ಎರರ್ ಅಂಕಣ ನೋಡಿ. ಚಿತ್ರ ಒಡೆದಾಗ ಆ ಸಂಖ್ಯೆ ಏರಿದರೆ ತಪ್ಪು ಸರ್ವರ್‌ಗಿಂತ ಮೊದಲು: ಡಿಶ್, ಕನೆಕ್ಟರ್, ಯುಎಸ್‌ಬಿ. ಸೊನ್ನೆಯಲ್ಲೇ ನಿಂತಿದ್ದರೆ ತಪ್ಪು ವೈಫೈನಲ್ಲಿ. ಇಷ್ಟು ನೋಡಿಕೊಂಡರೆ ಅರ್ಧ ದಿನ ಉಳಿಯುತ್ತೆ.

ಸರ್ವರ್‌ನಿಂದ ರೂಟರ್‌ವರೆಗೆ ಮಾತ್ರ ಖಂಡಿತಾ ತಂತಿ ಇರಲಿ. ಅಲ್ಲೂ ವೈಫೈ ಮಾಡಿದರೆ ಒಂದೇ ಗಾಳಿಯಲ್ಲಿ ಎರಡು ಸಲ ದಾಟಬೇಕು.

ಹುಬ್ಬಳ್ಳಿ_ಕೋಆಕ್ಸ್
ಮ್ಯಾಲಿನ ರೂಮಿಗೆ ಕ್ಯಾಟ್6 ಎಳಿಯೋಕ ಆಗ್ಲಿಲ್ಲ ಅಂದ್ರ ಕರೆಂಟ್ ವೈರಿಂಗ್ ಮ್ಯಾಲೆ ಪವರ್‌ಲೈನ್ ಅಡಾಪ್ಟರ್ ಹಾಕ್ತಾರ ಕೆಲವರು. ತ್ರೀ ಫೇಸ್ ಮನಿಯೊಳಗ ಎರಡು ರೂಮು ಬೇರೆ ಬೇರೆ ಫೇಸ್ ಮ್ಯಾಲಿದ್ರ ಒಂದಕ್ಕೊಂದು ಕಾಣೂದಿಲ್ಲ. ಇನ್ವರ್ಟರ್ ಲೈನಿನ ಪ್ಲಗ್‌ಗೆ ಒಂದು, ಮೇನ್ ಲೈನಿಗೆ ಇನ್ನೊಂದು ಹಾಕಿದ್ರೂ ಅಷ್ಟ. ಕೋಆಕ್ಸ್ ಮ್ಯಾಲೆ ನೆಟ್ ಓಡಸೋ ಮೋಕಾ ಅಡಾಪ್ಟರ್ ತಂದೀರಿ ಅಂದ್ರ ಡಿಶ್ ಕೇಬಲ್‌ಗೆ ಮಾತ್ರ ಹಚ್ಚಬ್ಯಾಡ್ರಿ. ಅದು 1125ರಿಂದ 1675 ಮೆಗಾಹರ್ಟ್ಸ್‌ನಾಗ ಓಡತೈತಿ, ನಿಮ್ಮ 1340 ಅದರ ನಟ್ಟನಡುವ ಐತಿ.

ರಿಚಾರ್ಜ್_ಮಾಡಿದವ
ನಮ್ಮಲ್ಲಿ ಫ್ರೀ ಡಿಶ್ ಅಲ್ಲ, ತಿಂಗಳ ಚಂದಾ ಕಟ್ಟುವ ಡಿಟಿಎಚ್. ಇದೇ ಟ್ಯೂನರ್ ನಡೆಯುತ್ತಾ?

ಬಿಟ್‌ಧಾರೆ
ಇಲ್ಲ. ಬೀಗ ತೆಗೆಯೋದು ಬಾಕ್ಸ್ ಮತ್ತು ಅದರ ಕಾರ್ಡ್ ಮಾತ್ರ. ಹಾಗಾಗಿ ನಿಮಗೆ ಬಾಕ್ಸಿನಿಂದ ಹೊರಬರುವ ಚಿತ್ರವೇ ಗತಿ. ಎಚ್‌ಡಿಎಂಐಯಲ್ಲಿ ಎಚ್‌ಡಿಸಿಪಿ ಅನ್ನೋ ನಕಲು ತಡೆ ಇರುತ್ತೆ. ಎರಡೂ ಟಿವಿ ಅದನ್ನ ಒಪ್ಪುವಂಥವಾದರೆ ಎಚ್‌ಡಿಎಂಐ ಸ್ಪ್ಲಿಟರ್, ಕ್ಯಾಟ್6 ಎಕ್ಸ್‌ಟೆಂಡರ್ ಹಾಕಿ ಪಕ್ಕದ ರೂಮಿಗೆ ಅದೇ ಚಾನೆಲ್ ಕೊಂಡೊಯ್ಯಬಹುದು. ರಿಮೋಟ್‌ಗೆ 38 ಕಿಲೋಹರ್ಟ್ಸ್‌ನ ಐಆರ್ ಕಣ್ಣಿರುವ ಎಕ್ಸ್‌ಟೆಂಡರ್ ತಗೊಳ್ಳಿ. ಎನ್‌ಕೋಡರ್‌ಗೆ ಹಾಕಿದರೆ ಕಪ್ಪು ಪರದೆ. ಅದನ್ನ ದಾಟಿಸುವ ಉಪಾಯ ಇಲ್ಲಿ ಕೇಳಬೇಡಿ. ಎರಡನೇ ರೂಮಿಗೆ ಮಲ್ಟಿ ಟಿವಿ ಕನೆಕ್ಷನ್, ಹೊರಗಡೆಗೆ ಕಂಪನಿಯ ಆ್ಯಪ್, ಅದು ಅಗ್ಗವೂ ಹೌದು.

ಅಗ್ಗದ ಕ್ಯಾಟ್6 ಎಕ್ಸ್‌ಟೆಂಡರ್‌ಗಳಲ್ಲಿ ಕೆಲವು ಒಳಗೊಳಗೇ ಮಲ್ಟಿಕಾಸ್ಟ್ ಬಿಡ್ತವೆ. ಅದನ್ನ ಮನೆಯ ಸ್ವಿಚ್‌ಗೆ ಸಿಕ್ಕಿಸಿದ ಕ್ಷಣ ಇಡೀ ಮನೆಯ ನೆಟ್ ಮಲಗುತ್ತೆ. ಐಜಿಎಂಪಿ ಸ್ನೂಪಿಂಗ್ (ಕೇಳಿದವರಿಗಷ್ಟೇ ಮಲ್ಟಿಕಾಸ್ಟ್ ಕಳಿಸುವ ಗುಣ) ಇರುವ ಸ್ವಿಚ್ ಇಲ್ಲದಿದ್ದರೆ ನೇರ ಒಂದೇ ಕೇಬಲ್‌ನಲ್ಲಿ ಕಟ್ಟಿ.

ಹಳೇ ಟಿವಿಗೆ ಎವಿ ಕೇಬಲ್ ಎಳೆಯುವವರಿಗೆ ಒಂದು ಮಾತು: 3.5 ಮಿ.ಮೀ. ಜ್ಯಾಕ್‌ನ ನಾಲ್ಕು ಉಂಗುರಗಳ ಕ್ರಮ ಎಲ್ಲ ಬಾಕ್ಸ್‌ಗಳಲ್ಲೂ ಒಂದೇ ಅಲ್ಲ. ಚಿತ್ರ ಇಲ್ಲ, ಸ್ಪೀಕರ್‌ನಲ್ಲಿ ಬರೀ ಗುಂಯ್‌ ಅಂತಿದ್ದರೆ ಹಳದಿ ಪಿನ್ ಜಾಗಕ್ಕೆ ಕೆಂಪು ಹಾಕಿ ನೋಡಿ.

ತಾರಸಿ_ಡಿಶ್
ಮನೆಯೊಳಗಿನದು ಅರ್ಥ ಆಯ್ತು. ಮ್ಯೂನಿಕ್‌ಗೆ? ಫೈಬರ್ 50 ಎಂಬಿಪಿಎಸ್, ಅಪ್‌ಲೋಡ್ ಕೂಡ ಅಷ್ಟೇ ಬರುತ್ತೆ. ರೂಟರ್‌ನಲ್ಲಿ 9981 ಫಾರ್ವರ್ಡ್ ಮಾಡಿದೆ, ಹೊರಗಿನಿಂದ ತೆರೆಯಲ್ಲ.

ಐಸಾರ್_ತೀರ
ತೆರೆಯದಿದ್ದುದೇ ಒಳ್ಳೆಯದಾಯಿತು ಅಂಕಲ್, ಮೊದಲು ಆ ಫಾರ್ವರ್ಡ್ ತೆಗೀರಿ. 9981ನ್ನು ಇಂಟರ್ನೆಟ್‌ಗೆ ಬಿಚ್ಚಿಟ್ಟರೆ ನಿಮ್ಮ ಟ್ಯೂನರ್ ಊರವರದ್ದಾಗುತ್ತೆ.

ರೂಟರ್‌ನಲ್ಲಿ ವ್ಯಾನ್ (ಹೊರಗಿನ ಕಡೆಯ) ವಿಳಾಸ ನೋಡಿ. 100.64ರಿಂದ 100.127ರ ಒಳಗೆ ಅಥವಾ 10ರಿಂದ ಶುರುವಾದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ನೂರಾರು ಮನೆಗಳಿಗೆ ಒಂದೇ ಹೊರವಿಳಾಸ. ನಿಮ್ಮ ಮನೆಯ ಬಾಗಿಲು ತೆರೆದಿದ್ದರೂ ಬೀದಿಯ ಗೇಟು ಹಾಕಿದೆ. ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ ಅಷ್ಟೇ.

ಸುಲಭದ ದಾರಿ ಟೇಲ್‌ಸ್ಕೇಲ್, ದೂರದ ಯಂತ್ರಗಳನ್ನು ಒಂದು ಖಾಸಗಿ ಜಾಲವಾಗಿ ಜೋಡಿಸುವ ತಂತ್ರಾಂಶ: ಸರ್ವರ್‌ಗೊಂದು, ಮಗನ ಫೋನ್‌ಗೊಂದು ಹಾಕಿ ಒಂದೇ ಖಾತೆಯಲ್ಲಿ ಸೇರಿಸಿ. ಎರಡೂ ಕಡೆ ನೇರ ಸಂಪರ್ಕ ಕುದುರಿದೆಯಾ ಅಂತ ಸ್ಟೇಟಸ್‌ನಲ್ಲಿ ನೋಡಿ. ರಿಲೇ ಅಂತ ತೋರಿಸಿದರೆ ನಡುವಿನ ಸರ್ವರ್ ಮೂಲಕ ಸುತ್ತಿ ಬರ್ತಿದೆ, ಆಗ ವಿಡಿಯೋ ಮುಗ್ಗರಿಸುತ್ತೆ. ಎರಡೂ ಕಡೆ ಐಪಿವಿ6 ಇದ್ದರೆ ಸಾಮಾನ್ಯವಾಗಿ ನೇರವಾಗೇ ಕೂಡುತ್ತೆ. ಸ್ವಂತ ವೈರ್‌ಗಾರ್ಡ್ ವಿಪಿಎನ್ ಬೇಕೆಂದರೆ ಸಾರ್ವಜನಿಕ ವಿಳಾಸವಿರುವ ಪುಟ್ಟ ಬಾಡಿಗೆ ಸರ್ವರ್ ಒಂದನ್ನು ನಡುವೆ ಇಡಿ, ಮನೆಯ ಕಡೆಯಿಂದ ಕೀಪ್‌ಅಲೈವ್ 25 ಸೆಕೆಂಡ್ ಕೊಡಿ. ಇಲ್ಲದಿದ್ದರೆ ಸ್ವಲ್ಪ ಹೊತ್ತು ಸುಮ್ಮನಿದ್ದರೆ ನ್ಯಾಟ್ ದಾರಿ ಮುಚ್ಚಿಬಿಡುತ್ತೆ.

ಇನ್ನೊಂದು ಸಣ್ಣ ತೊಡಕು. ಮನೆಯ ಪೂರ್ತಿ ನೆಟ್‌ವರ್ಕನ್ನೇ ಮಗನಿಗೆ ತೆರೆದಿಡೋದಾದರೆ, ನಿಮ್ಮ ಮನೆಯೂ 192.168.1, ಅವನ ಮನೆಯೂ 192.168.1 ಆಗಿರಬಾರದು. ಅವನ ಫೋನ್ ನಿಮ್ಮ ಸರ್ವರನ್ನು ಮ್ಯೂನಿಕ್‌ನ ಮನೆಯೊಳಗೇ ಹುಡುಕುತ್ತೆ. ನಿಮ್ಮದನ್ನು 192.168.37 ಅಂತ ಏನಾದರೂ ಮಾಡಿಕೊಳ್ಳಿ.

ಮೈಸೂರು_ಮಕ್ಸ್
ಕುಗ್ಗಿಸಬೇಕಾ ಬೇಡವಾ ಅನ್ನೋದು ಆ ತುದಿಯ ಮೇಲೆ. ಮಗ ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿದ್ದರೆ ಮೂಲ ಎಂಪೆಗ್-2 ಹಾಗೇ ಕಳಿಸಿ, ಗಂಟೆಗೆ ಒಂದು ಚಿಲ್ಲರೆ ಜಿಬಿ. ಮೊಬೈಲ್ ಡೇಟಾದಲ್ಲಿದ್ದರೆ ಎಚ್.264, 1.2 ಎಂಬಿಪಿಎಸ್, ಧ್ವನಿ ಎಎಸಿ 96 ಕಿಲೋಬಿಟ್. ಗಂಟೆಗೆ ಸುಮಾರು 580 ಎಂಬಿ. ಅದಕ್ಕೊಂದು ಬೇರೆ ಪ್ರೊಫೈಲ್ ಮಾಡಿ ಮಗನ ಬಳಕೆದಾರ ಹೆಸರಿಗೆ ಅಂಟಿಸಿ. ಮನೆಯವರಿಗೆ ಪಾಸ್ ಪ್ರೊಫೈಲೇ ಇರಲಿ. ಎನ್100ರಲ್ಲಿ ವಿಎಎಪಿಐ (ಚಿಪ್‌ನೊಳಗಿನ ವಿಡಿಯೋ ಭಾಗ ಬಳಸುವ) ಎನ್‌ಕೋಡರ್ ಆರಿಸಿದರೆ ಸಿಪಿಯು ಬೆಚ್ಚಗೂ ಆಗಲ್ಲ.

ಬಳಕೆದಾರರ ಪಟ್ಟಿಯಲ್ಲಿ ಎಲ್ಲರಿಗೂ ಬಿಟ್ಟಿರುವ ಹೆಸರಿಲ್ಲದ ನಮೂದು ಇದ್ದರೆ ಅಳಿಸಿ. ಅಡ್ಮಿನ್ ಹಕ್ಕು ಮನೆಯ ವಿಳಾಸಗಳಿಗೆ ಮಾತ್ರ ಇರಲಿ.

ಅಂಗಳದಾಚೆ
ಪ್ಲೇಲಿಸ್ಟ್ ಕೊಂಡಿಯನ್ನ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರೆ ಎಲ್ಲರಿಗೂ ಆಯ್ತಲ್ಲ?

ಬಿಟ್‌ಧಾರೆ
ಬೇಡ ಮೇಡಂ. ಕೊಂಡಿಯೊಳಗೇ ಗುರುತಿನ ಸಂಕೇತ ಅಡಗಿರುತ್ತೆ, ಗುಂಪಿಗೆ ಹಾಕೋದೂ ಬೀಗದ ಕೈ ಹಂಚೋದೂ ಒಂದೇ. ಮನೆಯವರು ನೋಡೋದು ಒಂದು ಮಾತು, ಊರಿಗೆಲ್ಲ ಹಂಚೋದು ಪ್ರಸಾರ. ಚಾನೆಲ್ ಉಚಿತವಾಗಿ ಬಂದರೂ ಮರುಪ್ರಸಾರದ ಹಕ್ಕು ನಮಗಿಲ್ಲ. ನೆಂಟರಿಗೆ ದೂರದರ್ಶನವಷ್ಟೇ ಬೇಕಿದ್ದರೆ ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ತಂದ ವೇವ್ಸ್ ಆ್ಯಪ್ ಇದೆ.

ಐಸಾರ್_ತೀರ
ಒಂದು ಪ್ರಶ್ನೆ. ಕುಗ್ಗಿಸಿದ ಸ್ಟ್ರೀಮ್‌ನಲ್ಲಿ ವಾರ್ತೆ ಓದುವವರ ಮುಖ ಸೊರಗಿ ಉದ್ದ ಆಗುತ್ತೆ, ಕೆಳಗೆ ಓಡುವ ಅಕ್ಷರಗಳ ಅಂಚು ಬಾಚಣಿಗೆ ಹಲ್ಲಿನ ಹಾಗೆ ಕಾಣುತ್ತೆ. ಮೂಲದಲ್ಲಿ ಹಾಗಿಲ್ಲ.

ಮೈಸೂರು_ಮಕ್ಸ್
ಎರಡೂ ಬೇರೆ ಬೇರೆ ರೋಗ. ಬಾಚಣಿಗೆ ಬರೋದು ಮೂಲ 576 ಸಾಲುಗಳ ಚಿತ್ರ ಇಂಟರ್‌ಲೇಸ್ (ಸಾಲು ಬಿಟ್ಟು ಸಾಲು) ಆಗಿರೋದರಿಂದ. ಕುಗ್ಗಿಸುವ ಮೊದಲು ಡಿಇಂಟರ್‌ಲೇಸ್ ಚಾಲೂ ಮಾಡಿ. ಓಡುವ ಅಕ್ಷರ ನುಣುಪಾಗಿ ಬೇಕಾದರೆ 50 ಫ್ರೇಮ್, ಡೇಟಾ ಉಳಿಸಬೇಕಾದರೆ 25. ಮುಖ ಉದ್ದ ಆಗೋದು ಪಿಕ್ಸೆಲ್ ಚೌಕ ಅಲ್ಲದ ಕಾರಣ. 720×576 ಅಂತ ಬಂದರೂ ಅದನ್ನ 16:9ಕ್ಕೆ ಹಿಗ್ಗಿಸಿ ತೋರಿಸು ಅನ್ನೋ ಸೂಚನೆ ಸ್ಟ್ರೀಮ್‌ನಲ್ಲಿ ಇರುತ್ತೆ. ಕುಗ್ಗಿಸುವಾಗ ಆ ಸೂಚನೆ ಕಳೆದುಹೋಗಿದೆ. ಔಟ್‌ಪುಟ್ ಗಾತ್ರ ನೇರವಾಗಿ 1024×576 ಕೊಡಿ, 4:3 ಚಾನೆಲ್‌ಗಳಿಗೆ 768×576.

ಘಟ್ಟದಕೆಳಗೆ
ಬಿಟ್ಟುಹೋದದ್ದು ಕರೆಂಟ್. ಸರ್ವರ್, ಟ್ಯೂನರಿನ ಅಡಾಪ್ಟರ್, ರೂಟರ್, ಫೈಬರಿನ ಪೆಟ್ಟಿಗೆ ನಾಲ್ಕೂ ಇನ್ವರ್ಟರ್ ಲೈನಿಗೆ ಬರಲಿ, ಒಂದು ಬಿಟ್ಟರೂ ಮ್ಯೂನಿಕ್ ಕಡಿದ ಹಾಗೇ. ಬಯೋಸ್‌ನಲ್ಲಿ ಕರೆಂಟ್ ಬಂದ ಕೂಡಲೇ ತಾನೇ ಚಾಲೂ ಆಗುವ ಆಯ್ಕೆ ಹಾಕಿ. ಗುಡುಗು ಶುರುವಾದರೆ ಡಿಶ್‌ನ ಎರಡೂ ಕೇಬಲ್ ಬಿಚ್ಚಿಡಿ, ಬಾಕ್ಸಿನದ್ದು ಮಾತ್ರ ಬಿಚ್ಚಿ ಟ್ಯೂನರಿನದ್ದು ಮರೆಯಬೇಡಿ.

ತಾರಸಿ_ಡಿಶ್
ಟ್ವಿನ್ ಎಲ್‌ಎನ್‌ಬಿ, ಟ್ಯೂನರ್, ಎನ್100 ಅಂತ ಪಟ್ಟಿ ಮಾಡ್ಕೊಂಡೆ. ಎಚ್‌ಡಿಎಂಐ ಎನ್‌ಕೋಡರ್ ಹೊಡೆದುಹಾಕಿದೆ. ಟ್ವಿನ್‌ನ ಎರಡು ಔಟ್‌ಪುಟ್‌ನಲ್ಲಿ ಬಾಕ್ಸ್‌ಗೆ ಯಾವುದು, ಟ್ಯೂನರ್‌ಗೆ ಯಾವುದು ಅಂತ ಏನಾದರೂ ಇದೆಯಾ?

ಬಿಟ್‌ಧಾರೆ
ಇಲ್ಲ ಸರ್, ಯಾವುದಾದರೂ ಸರಿ. ಎರಡು ಕೇಬಲ್‌ಗೂ ತಾರಸಿಯಲ್ಲೇ ಬೇರೆ ಬಣ್ಣದ ಟೇಪ್ ಸುತ್ತಿ ಕೆಳಗಿಳಿಸಿ.